ಕೌದಿಯ ಹೊಟ್ಟೆ

ಫೋನ್ ಬಂದಾಗ ನಾನು ಸಬ್ಬಸಿಗೆ ಸೊಪ್ಪು ಸೋಸುತ್ತ ಕೂತಿದ್ದೆ. ಬಾಣಂತಿಗೆ ಹಾಲು ಹತ್ತಲೆಂದು ನಮ್ಮ ಗದಗಿನ ಕಡೆ ಮೊದಲ ವಾರದಿಂದಲೇ ಸಬ್ಬಸಿಗೆ ಪಲ್ಯ ಕೊಡುತ್ತಾರೆ. ಚೆನ್ನೈಯಲ್ಲಿ ಅದು ಸುಲಭಕ್ಕೆ ಸಿಗುವ ಸೊಪ್ಪಲ್ಲ. ನಮ್ಮ ಮನೆಯವರು ಮಳೆಯಲ್ಲಿ ಕೊಡೆ ಹಿಡಿದು ಎಲ್ಲೆಲ್ಲೋ ಅಲೆದು ಎರಡು ಸಿವುಡು ತಂದಿದ್ದರು. ಒಂದನ್ನು ಸೋಸಿ ಮುಗಿಸಿ, ಎರಡನೆಯದರ ಬಾಳೆನಾರು ಬಿಚ್ಚಿದ್ದೆ. ಆಸ್ಪತ್ರೆಯಿಂದ ಮಗ ಬಸವರಾಜನ ಫೋನು. "ಅವ್ವಾ" ಅಂದ. ಅಳುವ ಸದ್ದು ಬರಲಿಲ್ಲ. ಎರಡು ದಿನದ ಮೊಮ್ಮಗಳು ಹೋಗಿದ್ದಳು.

ಇದಾಗಿ ಮೂರು ವರ್ಷ. ಮೊನ್ನೆ ಶುಕ್ರವಾರ ಪಲ್ಲಾವರಂ ಸಂತೆಯಲ್ಲಿ ಕೊತ್ತಂಬರಿ ಎಂದು ಕೈ ಹಾಕಿದೆ, ಮೂಗಿಗೆ ಬಂದದ್ದು ಸಬ್ಬಸಿಗೆಯ ವಾಸನೆ. ಯಾರೋ ಬೇಕೆಂದು ಹೇಳಿದ್ದಕ್ಕೆ ಮಾರುವ ಹೆಂಗಸು ತಂದಿದ್ದಳಂತೆ. "ಎಡುತ್ತುಕ್ಕೊಮ್ಮಾ, ಫ್ರೆಶ್ಶು" ತೆಗೆದುಕೋ ಎಂದು ಸಿವುಡನ್ನು ನನ್ನ ಚೀಲದತ್ತ ಚಾಚಿದಳು. ಕೊತ್ತಂಬರಿಯಷ್ಟೇ ಕೊಂಡು ಬಂದೆ. ಮನೆಗೆ ಬಂದು ಕೈ ತೊಳೆದರೂ ಬೆರಳಲ್ಲಿ ವಾಸನೆ ಉಳಿದಿತ್ತು. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಬರೆದರೆ ಹಗುರಾಗುತ್ತದೆ ಎಂದಲ್ಲ. ಆ ವರ್ಷ ತಾಯಿ ಬನಶಂಕರಿ ನನಗೆ ಅಲ್ಲೊಂದು ಇಲ್ಲೊಂದು ತೋರಿದ ಕರುಣೆಗಳಿವೆ. ಅವನ್ನು ನಾನು ಎಣಿಸಿಡದಿದ್ದರೆ ಬೇರೆ ಯಾರೂ ಎಣಿಸುವುದಿಲ್ಲ.

ನಮ್ಮದು ರೈಲ್ವೆ ಮನೆತನ. ನಮ್ಮ ಮನೆಯವರು ಗೂಡ್ಸ್ ಗಾಡಿಯ ಗಾರ್ಡ್ ಆಗಿ ಹುಬ್ಬಳ್ಳಿಯಿಂದ ವರ್ಗವಾಗಿ ಬಂದವರು, ಇಲ್ಲಿಯೇ ನಿವೃತ್ತರಾದರು. ಮಗ ಬಸುವಿಗೂ ರೈಲ್ವೆಯಲ್ಲೇ ಸಿಗ್ನಲ್ ಕೆಲಸ. ತಾಂಬರಂ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಮಹಡಿಯ ಮೇಲಿನ ಬಾಡಿಗೆ ಮನೆ. ಕೆಳಗೆ ಮನೆಯೊಡತಿ ಪೂಂಗೊಡಿ ಅಕ್ಕ ಒಬ್ಬರೇ ಇರುತ್ತಾರೆ. ಬಸು ಮೆಚ್ಚಿ ಮದುವೆಯಾದದ್ದು ಮದುರೈ ಕಡೆಯ ಕಯಲ್‌ವಿಳಿಯನ್ನು. ತಾಯಿ ಸತ್ತು ಬಹಳ ವರ್ಷವಾಗಿದ್ದ ಹುಡುಗಿ. ಇಲ್ಲಿಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಬಟ್ಟೆ, ಕಾಗದ, ಮಣ್ಣು, ಬಣ್ಣಗಳ ಕೈಕೆಲಸ ಕಲಿಸುತ್ತಿದ್ದಳು. ನಮ್ಮ ಮನೆಗೆ ಬಂದು ನಮ್ಮ ಕನ್ನಡ ಕಲಿತಳು, ತನ್ನ ತಮಿಳನ್ನೂ ಬಿಡಲಿಲ್ಲ. ಹೇಳ್ರಿ ಎನ್ನುವುದಕ್ಕೆ "ಸೊಲ್ರಿ ಅತ್ತೆ" ಎನ್ನುತ್ತಿದ್ದಳು. ನಮ್ಮ ಮನೆಯವರಿಗೆ ಅದನ್ನು ಕೇಳಿ ನಗು. "ಅರ್ಧಾ ಅವರದು, ಅರ್ಧಾ ನಮ್ಮದು. ಹಂಚಕೊಂಡು ಉಂಡ್ರ ಜಗಳಿಲ್ಲ ಬಿಡು."

ಅವಳ ಕೈಚೀಲದಲ್ಲಿ ದುಡ್ಡಿಗಿಂತ ಕಸವೇ ಹೆಚ್ಚು. ಈರುಳ್ಳಿ ಸಿಪ್ಪೆ, ಚಾಕೊಲೇಟಿನ ಕಾಗದ, ಒಣಗಿದ ಹೂವಿನ ಎಸಳು, ಯಾವುದೋ ಗೋಡೆಯಿಂದ ಉದುರಿದ ಸುಣ್ಣದ ಹಳಕು.

"ಎಲ್ಲಾರೂ ಕಸಾ ಹೊರಗ ಹಾಕ್ತಾರ. ನೀ ಒಳಗ ತರತಿ" ಎಂದು ಬೈದರೆ, "ಕಸ ಅಲ್ಲ ಅತ್ತೆ, ಡಿಸೈನು" ಎನ್ನುವಳು. ಅವಳ ತರಗತಿಯ ಮಕ್ಕಳಿಗೂ ಅದೇ ಪಾಠ. ಶಾಲೆಗೆ ಬರುವ ದಾರಿಯಲ್ಲಿ ಕಂಡ ಒಂದು ಬಣ್ಣವನ್ನು ಪ್ರತಿಯೊಬ್ಬರೂ ತರಬೇಕು. "ಫೋನ್‌ನಾಗ ನೋಡಿದ್ದು ಎಲ್ಲಾರ್ಗೂ ಒಂದೇ ಇರ್ತದ. ದಾರಿಯಾಗ ನೋಡಿದ್ದು ನಮಗ ಮಾತ್ರ" ಎಂದು ಅವಳ ವಾದ. ನನಗೆ ಅದೆಲ್ಲ ಸಂಬಳ ಕೊಟ್ಟು ಆಡಿಸುವ ಆಟದ ಹಾಗೆ ಕಾಣುತ್ತಿತ್ತು.

ಮೊದಲ ಸಲದ ಬಸಿರು ಮೂರನೇ ತಿಂಗಳಿಗೇ ಇಳಿದುಹೋಗಿತ್ತು. ಎರಡನೇ ಸಲ ನಾಲ್ಕು ತುಂಬಿ ಐದಕ್ಕೆ ಬಿದ್ದಾಗ, ಇಲ್ಲಿಯವರ ಆಡಿ ತಿಂಗಳು, ನಮ್ಮ ಆಷಾಢ, ಗಾಳಿ ಬೀಸಿ ಬಾಗಿಲುಗಳೆಲ್ಲ ಬಡಿದುಕೊಳ್ಳುವ ದಿನಗಳು, ಕಯಲ್‌ಗೆ ರಕ್ತ ಕಂಡಿತು. ಡಾಕ್ಟರಮ್ಮ ಪರೀಕ್ಷೆ ಮಾಡಿ, ಕೂಸು ನಿಲ್ಲಬೇಕಾದರೆ ಇವಳು ಹಾಸಿಗೆ ಬಿಟ್ಟು ಏಳಕೂಡದು, ಎಡಮಗ್ಗುಲಾಗಿ ಮಲಗಿರಬೇಕು ಎಂದರು. ಅಂದಿನಿಂದ ಮನೆಯವರೆಲ್ಲರ ಜಪ ಒಂದೇ: ಒಂಬತ್ತು ತುಂಬಲಿ. ನಾನು ಬೆಳಗಿನ ಪೂಜೆಯಲ್ಲಿ ಬೇರೆ ಏನನ್ನು ಬೇಡುವುದನ್ನೂ ಬಿಟ್ಟೆ. ದೇವಿಗೆ ಹತ್ತು ಕೆಲಸ ಹೇಳಿದರೆ ಮುಖ್ಯವಾದದ್ದು ಮರೆತುಹೋದೀತು ಎಂದು.

ಎಡಮಗ್ಗುಲಾದರೆ ಅವಳ ಎದುರಿಗೆ ಬರುವುದು ಗೋಡೆ. ಕೋಣೆ ಸಣ್ಣದು, ಮಂಚ ತಿರುಗುತ್ತಿರಲಿಲ್ಲ. ನಾಲ್ಕು ದಿನ ಸುಮ್ಮನಿದ್ದಳು. ಐದನೆಯ ದಿನ ಶುರುಮಾಡಿದಳು.

"ಅತ್ತೆ, ಈ ಗೋಡೆ ಕಲರ್ ನೋಡಿ ನೋಡಿ ನಂಗ ತಲಿ ಕೆಟ್ಟದ. ಇದು ಪಚ್ಚೆನೂ ಅಲ್ಲ, ನೀಲಿನೂ ಅಲ್ಲ."

"ನೋಡಬ್ಯಾಡ. ಕಣ್ಣ ಮುಚ್ಚಿ ತಾಯಿ ಹೆಸರು ಹೇಳು."

"ಹೇಳ್ತೀನಿ. ನೀವು ಕಡೈಗೆ, ಅಂಗಡಿಗೆ, ಹೋದಾಗ ನಂಗ ಒಂದು ಕಲರ್ ತರ್ರಿ. ದಿನಾ ಒಂದು. ಸಾಕು, ಬ್ಯಾರೆ ಏನೂ ಕೇಳಂಗಿಲ್ಲ."

ಮರುದಿನ ಗುಡಿಯಿಂದ ಬರುವಾಗ ಕುಂಕುಮದ ಪೊಟ್ಟಣ ತಂದು ಅವಳ ಅಂಗೈಯಲ್ಲಿಟ್ಟೆ. ಅವಳು ನಕ್ಕ ರಭಸಕ್ಕೆ ನನಗೆ ಹೊಟ್ಟೆಯ ಚಿಂತೆಯಾಯಿತು.

"ಅತ್ತೆ, ಇದು ನಮ್ಮ ದೇವರ ಮನಿಯಾಗೇ ಅದ. ನೀವು ನೋಡಿದ್ದು ತರ್ರಿ."

"ನೋಡದ ತಂದೀನೇನ?"

"ನೋಡಿಲ್ಲ. ಎತ್ತಿಕೊಂಡು ಬಂದೀರಿ."

ಅರವತ್ತರ ಹತ್ತಿರಕ್ಕೆ ಬಂದವಳಿಗೆ ಈ ಹುಡುಗಿ ಕಣ್ಣಿಲ್ಲ ಅನ್ನುತ್ತಾಳಲ್ಲ ಎಂದು ಸಿಟ್ಟೇ ಬಂತು. ಆದರೆ ಮಾರನೆಯ ದಿನ ತರಕಾರಿ ಗಾಡಿಯ ಮುಂದೆ ನಿಂತಾಗ ಒಂದು ಬದನೆಕಾಯಿಯ ಟೊಪ್ಪಿಗೆ ಸ್ವಲ್ಪ ಸರಿದಿತ್ತು. ಅದರ ಕೆಳಗೆ ಬಿಸಿಲೇ ತಾಗದ ಒಂದು ಬಣ್ಣ. ಬಿಳಿ ಅನ್ನುವಂತಿಲ್ಲ, ಹಸಿರು ಅನ್ನುವಂತಿಲ್ಲ, ಅಂಚಿನಲ್ಲಿ ಸಣ್ಣಗೆ ನೇರಳೆ ಇಳಿದಿತ್ತು. ಇಷ್ಟು ವರ್ಷ ಆ ತೊಟ್ಟನ್ನು ಕತ್ತರಿಸಿ ಎಸೆದವಳು ನಾನು. ಒಂದೇ ಒಂದು ಕಾಯಿ ಕೊಂಡು ತಂದು, ಅವಳ ಮುಂದೆ ಹಿಡಿದು ಟೊಪ್ಪಿಗೆ ಎತ್ತಿ ತೋರಿಸಿದೆ. ಈ ಸಲ ನಗಲಿಲ್ಲ. ಬೆರಳ ತುದಿಯಿಂದ ಮುಟ್ಟಿ, "ಇದು ಅತ್ತೆ. ಇದು ಕಲರ್" ಅಂದಳು.

ಬಾಗಿಲಲ್ಲಿ ನಿಂತಿದ್ದ ನಮ್ಮ ಮನೆಯವರು, "ಬದನಿಕಾಯಿ ತಂದ್ರ ಎಣಗಾಯಿ ಮಾಡಬೇಕು. ನೀವು ದರ್ಶನ ಮಾಡ್ಲಿಕ್ಹತ್ತೀರಿ" ಅಂದರು.

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಹೂ ಮಾರುವವಳ ಒದ್ದೆ ಗೋಣಿತಟ್ಟು, ಅದರ ಮೇಲೆ ಅಂಟಿದ ಸಂಪಿಗೆಯ ಎಸಳು. ಲೋಕಲ್ ರೈಲಿನ ಬಾಗಿಲ ಕಂಬ, ಎಷ್ಟೋ ಜನರ ಕೈ ಉಜ್ಜಿ ಉಜ್ಜಿ ಹೊಳಪೇರಿದ್ದು. ಅದನ್ನು ತರಲಾಗುವುದಿಲ್ಲವಲ್ಲ, ಸವೆದ ಚಮಚವನ್ನು ಅದರ ಬದಲು ತೋರಿಸಿದೆ. ಬಾಳೆ ಹೂವಿನ ಹೊರ ಎಸಳಿನ ಬೆನ್ನು ಒಂದು ಬಣ್ಣ, ಒಳ ಮೈ ಇನ್ನೊಂದು. ಟೇಲರ್ ಅಂಗಡಿಯ ಕಟ್ಟೆಯ ಕೆಳಗಿನ ಚಿಂದಿ. ಆ ಟೇಲರ್ ಪುಣ್ಯಾತ್ಮ, ನಾನು ಬಗ್ಗಿ ನೋಡುವುದನ್ನು ಕಂಡು ಹಿಡಿ ತುಂಬ ಎತ್ತಿಕೊಟ್ಟ. ಗುಡಿಯಲ್ಲಿ ಪ್ರದಕ್ಷಿಣೆ ಹಾಕುವಾಗಲೂ ನನ್ನ ಕಣ್ಣು ಕಲ್ಲಿನ ಮೇಲಿನ ಎಣ್ಣೆಯ ಕಲೆಗಳ ಮೇಲೆ. ತಪ್ಪಾಯಿತೇನೋ ಎಂದು ಗಲ್ಲ ಬಡಿದುಕೊಂಡೆ. ಆಮೇಲೆ ಅನ್ನಿಸಿತು, ಇವನ್ನೆಲ್ಲ ಮಾಡಿದವಳು ಆ ತಾಯಿಯೇ. ನೋಡಿದರೆ ಅವಳೇಕೆ ಸಿಟ್ಟಾಗುತ್ತಾಳೆ?

ಒಂದು ದಿನ ಕಯಲ್ ಮುಖ ಬಹಳ ಬಾಡಿತ್ತು. ಎಷ್ಟು ಕೇಳಿದರೂ ಹೇಳಲಿಲ್ಲ. ಕೊನೆಗೆ, "ಮೀನಿನ ಬೆಳ್ಳಿ ಕಲರ್ ನೋಡಿ ಭಾಳ ದಿನ ಆತು ಅತ್ತೆ. ತಿನ್ನಾಕ ಅಲ್ಲ" ಅಂದಳು. ನಮ್ಮ ಮನೆಯಲ್ಲಿ ಮೀನು ಇಲ್ಲ. ಬಂದ ದಿನದಿಂದ ಯಾರೂ ಹೇಳದೆಯೇ ಅವಳು ಮನೆಯೊಳಗೆ ಅದರ ಮಾತೆತ್ತಿರಲಿಲ್ಲ. ನಾನಂತೂ ಮೀನಂಗಡಿ ಬಂದರೆ ಸೆರಗನ್ನು ಮೂಗಿಗೆ ಹಿಡಿದು ರಸ್ತೆಯ ಆಚೆಗೆ ದಾಟುವವಳು.

ಮರುದಿನ ದಾಟಲಿಲ್ಲ. ಬುಟ್ಟಿಯ ಮುಂದೆ ಹೋಗಿ ನಿಂತೆ. ನನ್ನ ಹಣೆಯ ವಿಭೂತಿ ನೋಡಿ ಮೀನಿನವಳು, "ಎನ್ನ ಮಾಮಿ, ವಳಿ ತೆರಿಯಲಿಯಾ?" ಎಂದು ನಕ್ಕಳು. ದಾರಿ ತಪ್ಪಿದೆಯಾ ಎಂದು.

"ವಾಂಗ ಇಲ್ಲಮ್ಮಾ, ಪಾಕ್ಕ" ಎಂದೆ ನನಗೆ ಬಂದ ತಮಿಳಿನಲ್ಲಿ. ಕೊಳ್ಳಲಿಕ್ಕಲ್ಲ, ನೋಡಲಿಕ್ಕೆ.

"ಪಾರು, ಪಾರು! ಪಾಕ್ಕ ಕಾಸಿಲ್ಲೆ!" ನೋಡುವುದಕ್ಕೆ ಕಾಸಿಲ್ಲ ಎಂದು ಪಕ್ಕದವಳಿಗೂ ಕೇಳುವಂತೆ ಕೂಗಿ, ಒಂದು ಮೀನನ್ನೆತ್ತಿ ಬೆಳಕಿಗೆ ಹಿಡಿದು ಅತ್ತ ಇತ್ತ ಹೊರಳಿಸಿದಳು. ಉಸಿರು ಹಿಡಿದು ನೋಡಿದೆ. ಮನೆಗೆ ಬಂದು ಸ್ನಾನ ಮಾಡಿ ಕಯಲ್ ಬಳಿ ಕೂತು ಹೇಳಿದೆ: "ಬೆಳ್ಳಿ ಅಂದಿ ನೋಡು, ಬರೇ ಬೆಳ್ಳಿ ಅಲ್ಲದು. ಬೆನ್ನ ಮ್ಯಾಲ ಮಳಿ ಮೋಡದ ನೀಲಿ. ಪಕ್ಕಕ್ಕ ಬರ್ತಾ ಬರ್ತಾ ಹೊಸಾ ಸ್ಟೀಲ್ ತಾಟು. ಹೊಟ್ಟಿ ಕಡೆ ಎಳೀ ಗುಲಾಬಿ ಹಾದು ಹೋಗ್ತದ, ಹೊರಳಿಸಿದ್ರ ಮಾಯ."

ಕಣ್ಣು ಮುಚ್ಚಿ ಕೇಳಿದಳು. "ಇನ್ನೊಂದ್ ಸಲ ಸೊಲ್ರಿ ಅತ್ತೆ" ಅಂದಳು. ಇನ್ನೊಂದು ಸಲ ಹೇಳಿದೆ.

ಈಗ, ಇದನ್ನು ಬರೆಯುವ ಹೊತ್ತಿಗೆ, ಕಯಲ್ ಮತ್ತೆ ಶಾಲೆಗೆ ಹೋಗುತ್ತಾಳೆ. ನಮ್ಮ ಜೊತೆಯಲ್ಲೇ ಇದ್ದಾಳೆ, ವೇಳೆಗೆ ಸರಿಯಾಗಿ ಉಣ್ಣುತ್ತಾಳೆ, ಅದೂ ದೊಡ್ಡದೇ. ಆದರೆ ನನ್ನನ್ನು ಬಣ್ಣ ಕೇಳುವುದಿಲ್ಲ. ನಾನು ದಾರಿಯಲ್ಲಿ ನೋಡುತ್ತೇನೆ, ಮನೆಗೆ ಬಂದು ಸುಮ್ಮನಿರುತ್ತೇನೆ.

ಆಗ ಕೌದಿಯ ಯೋಚನೆ ಬಂದದ್ದು ತಂದ ಬಣ್ಣಗಳೆಲ್ಲ ಒಣಗಿ ಕೊಳೆತು ಹೋಗುತ್ತಿದ್ದುದರಿಂದ. ನಮ್ಮಲ್ಲಿ ಕೂಸು ಹುಟ್ಟುವ ಮೊದಲು ಅದಕ್ಕೆಂದು ಹೊಸದೇನನ್ನೂ ತರುವುದಿಲ್ಲ. ಹಳೆಯ ಸೀರೆಗಳ ಕೌದಿಯೊಂದನ್ನು ಮಾತ್ರ ಹೊಲಿಯಬಹುದು, ಹಳೆಯದಕ್ಕೆ ದೃಷ್ಟಿಯಿಲ್ಲ. ನಾನು ಚಿಕ್ಕಂದಿನಿಂದ ಕಂಡ ಕೌದಿಯಲ್ಲಿ ಕೈಗೆ ಸಿಕ್ಕ ತುಂಡನ್ನು ಸಿಕ್ಕಲ್ಲಿ ಹಚ್ಚುವುದು. ಕಯಲ್ ಹಾಗೆ ಬಿಡಲಿಲ್ಲ. ಒಂದೊಂದು ತುಂಡೂ ನಾನು ತಂದ ಒಂದೊಂದು ದಿನದ ಬಣ್ಣವಾಗಿರಬೇಕು. ಗದಗಿನಿಂದ ನನ್ನ ಅಕ್ಕ ನೀಲವ್ವ, ಕೌದಿಯಲ್ಲಿ ನಮ್ಮ ಮನೆತನಕ್ಕೇ ಗುರು, ಸವೆದ ಇಳಕಲ್ಲ ಸೀರೆಯನ್ನೂ ಖಣದ ಕುಪ್ಪಸಗಳನ್ನೂ ಕಳಿಸಿದಳು. ಆ ಸೀರೆಯ ಕೆಂಪಂಚಿನಲ್ಲಿ ಬಾಳೆ ಹೂವಿನ ಬಣ್ಣ ಸಿಕ್ಕಿತು. ನನ್ನ ಮಾಸಿದ ವಾಯಿಲ್ ಸೀರೆಯಲ್ಲಿ ಬದನೆಯ ತೊಟ್ಟು. ಮೀನಿಗೆ ಏನೂ ಒಗ್ಗಲಿಲ್ಲ. ಬಸುವಿನ ಹಳೆಯ ಶರ್ಟಿನ ಒಳಮೈ ತಿರುಗಿಸಿ ನೋಡಿದಾಗ ಸರಿಹೋಯಿತು.

ಆಮೇಲೆ ಒಂದು ದಿನ ತನ್ನ ಪೆಟ್ಟಿಗೆ ಎಳೆಯಲು ಹೇಳಿದ ಕಯಲ್, ಪೇಪರಿನಲ್ಲಿ ಸುತ್ತಿದ್ದ ಒಂದು ಸೀರೆ ತೆಗೆಸಿದಳು. ಚುಕ್ಕಿಚುಕ್ಕಿಯ ಮದುರೈ ಸುಂಗುಡಿ ಸೀರೆ. ಅವಳ ತಾಯಿಯದೆಂದು ಉಳಿದದ್ದು ಅದೊಂದೇ.

"ಇದನ್ನ ಕತ್ತರಸಾಕ ನನ್ನ ಕೈಲೆ ಆಗಂಗಿಲ್ಲವಾ. ಇಟ್ಕೋ."

"ಪೆಟ್ಟಿಯಾಗ ಅಮ್ಮಗ ಉಸುರು ಕಟ್ತದ ಅತ್ತೆ. ಪಾಪು ಮ್ಯಾಲ ಇರ್ಲಿ."

ಅವಳು ಬೆರಳಿನಿಂದ ಗೆರೆ ಎಳೆದಳು, ನಾನು ಕತ್ತರಿ ನಡೆಸಿದೆ.

ಇದನ್ನೆಲ್ಲ ನೋಡುತ್ತಿದ್ದ ನಮ್ಮ ಮನೆಯವರು ಒಳಗೆ ಹೋಗಿ ಟ್ರಂಕು ತಡಕಾಡಿ, ಗಾರ್ಡ್ ಕೆಲಸದ ಕಾಲದ, ಬಣ್ಣ ಮಾಸಿದ್ದಕ್ಕೆ ಉಪಯೋಗಕ್ಕೆ ಬಾರದೆಂದು ಬಿಟ್ಟ ಎರಡು ಬಾವುಟ ತಂದರು.

"ಹಸರು ತಗೋರಿ. ಕೆಂಪು ಕೊಡಂಗಿಲ್ಲ."

"ಯಾಕ ಮಾಮಾ?"

"ಬರೂ ಗಾಡಿಗೆ ಕೆಂಪು ತೋರಸ್ತಾರೇನವಾ? ನಿಂತು ಬಿಟ್ರ?"

"ಟೈಮ್‌ಗಿಂತ ಮುಂಚೆ ಬಂದ್ರ ನಿಲ್ಸಾಕ ಬೇಕಲ್ಲ ಮಾಮಾ" ಎಂದಳು ಕಯಲ್, ನಗುತ್ತಲೇ. ಅವರು ನಗಲಿಲ್ಲ. ಎರಡನ್ನೂ ಅವಳ ಕಾಲಬುಡದಲ್ಲಿಟ್ಟು ಹೊರಗೆ ಹೋದರು.

ನಾನು ಮಂಚದ ಪಕ್ಕ ನೆಲದ ಮೇಲೆ ಕೂತು ಹೊಲಿಯುತ್ತಿದ್ದೆ. ಕೌದಿಗೆ ನಾಲ್ಕೂ ಅಂಚಿನಿಂದ ಹೊಲಿಗೆ ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬರಬೇಕು. ನಡು ಹತ್ತಿರ ಬಂದಾಗ ಅಕ್ಕನಿಗೆ ಫೋನಿನಲ್ಲಿ ತೋರಿಸಿದೆ. ಅವಳು ಕಿರುಚಿದಳು.

"ಏ ತಂಗಿ, ನಡುವ ಮುಚ್ಚಿಗಿಚ್ಚೀರಿ ಮತ್ತ! ಹೊಟ್ಟಿ ಬಿಡ್ರಿ!"

"ಯಾರ ಹೊಟ್ಟಿ ಪೆರಿಮ್ಮಾ?" ಎಂದಳು ಕಯಲ್.

"ಕೌದೀದ ಯವ್ವಾ. ಖಾಲಿ ಹೊಟ್ಟೀಲೆ ಇದ್ದ ಕೌದಿ ಹೊಚ್ಚಬಾರದು, ಹೊಚಗೊಂಡ ಕೂಸು ಹಸೀತದ. ಅಂಗೈಯಗಲ ಬಾಯಿ ಬಿಡ್ರಿ. ತೊಟ್ಟಲದಾಗ ಹಾಕೂ ದಿನ ಹೋಳಿಗಿ ತುಣಕ ಇಟ್ಟು, ಹೊಟ್ಟಿ ತುಂಬಿತು ಅಂತ ಹೇಳಿ ಮುಚ್ಚೂದು."

ಕಯಲ್‌ಗೆ ಸಂತೋಷ ತಡೆಯಲಾಗಲಿಲ್ಲ. "ಕೌದಿಗೂ ಹಸಿವಾ! ಅತ್ತೆ, ನಾನ ತುಂಬಸ್ತೀನಿ. ನೀವ್ ಮುಟ್ಟಬಾರದು." ಆ ದಿನದಿಂದ ಕೌದಿಯನ್ನು ತಲೆದಿಂಬಿನ ಬಳಿಯೇ ಇಟ್ಟುಕೊಂಡಳು. ಆಗಾಗ ಅದರ ನಡುವಿನ ಬಾಯಿಯಲ್ಲಿ ಎರಡು ಬೆರಳು ತೂರಿಸಿ, "ಇರು, ಇರು, ಬರ್ತದ ಊಟ" ಎನ್ನುವಳು.

ದೀಪಾವಳಿ ಹೊತ್ತಿನ ಐಪ್ಪಸಿ ತಿಂಗಳ ಮಳೆ ಹಿಡಿಯಿತು. ಏಳು ತುಂಬಿತ್ತು. ಮಲಗಿದಲ್ಲಿಯೇ ಸೀಮಂತದ ಕುಬಸ ಮಾಡಿ, ಪೂಂಗೊಡಿ ಅಕ್ಕ ತಂದ ಗಾಜಿನ ಬಳೆ ಇಡಿಸಿದ್ದೆವು. ಬೀದಿಯಲ್ಲಿ ನೀರು ಮೊಣಕಾಲಿಗೆ ಬಂದ ದಿನ ಬೆಳಿಗ್ಗೆ ಅವಳಿಗೆ ನೋವು ಶುರುವಾಯಿತು. ಪೂಂಗೊಡಿ ಅಕ್ಕನ ಪರಿಚಯದವರೊಬ್ಬರು ಎತ್ತರದ ಗಾಡಿ ತಂದರು. ನೀರಿನಲ್ಲಿ ಅದು ನಿಲ್ಲದೆ ಹೋದದ್ದು ಒಂದು ಕರುಣೆ. ಸಣ್ಣ ಕೂಸುಗಳನ್ನು ನೋಡುವ ಅನುಕೂಲವಿದ್ದ ಕೀಲ್ಪಾಕಿನ ಆಸ್ಪತ್ರೆಗೆ ಕರೆದೊಯ್ದೆವು. ಅವರು ಮಾಡಬೇಕಾದದ್ದನ್ನೆಲ್ಲ ಮಾಡಿದರು, ಅವರ ಮೇಲೆ ನನ್ನ ಒಂದು ಮಾತೂ ಇಲ್ಲ. ಕೊಯ್ದು ತೆಗೆದರು. ಹೆಣ್ಣು.

ನನ್ನನ್ನು ಗಾಜಿನ ಆಚೆಯಿಂದ ನೋಡಲು ಬಿಟ್ಟರು. ಕಯಲ್ ಇನ್ನೂ ನೋಡಿರಲಿಲ್ಲ. ಮಂಚದ ಬಳಿ ಹೋದಾಗ ಅವಳ ಬಾಯಿ ಒಣಗಿತ್ತು, ಕೈ ಚಾಚಿ ನನ್ನ ಸೆರಗು ಹಿಡಿದಳು.

"ಅತ್ತೆ, ಪಾಪು ಎನ್ನ ಕಲರ್?"

ಪಾಪು ಯಾವ ಬಣ್ಣ ಎಂದು. ಪಕ್ಕದ ಮಂಚದವರು, ಬಿಳಿಯೋ ಕಪ್ಪೋ ಎಂದು ಕೇಳುತ್ತಿದ್ದಾಳೆ ಎಂದುಕೊಂಡಿರಬೇಕು. ಅವಳು ಕೇಳಿದ್ದು ಏನೆಂದು ನನಗೆ ಗೊತ್ತಿತ್ತು.

"ಪ್ಯಾರಲ ಹಣ್ಣು ಒಡದ್ರ ಬೀಜದ ಸುತ್ತ ಇರ್ತದಲ್ಲ, ಆ ಕೆಂಪು. ಪಾದ ಇನ್ನೂ ತಿಳಿ. ತಲಿಗೂದಲಾ ಮಳ್ಯಾಗ ತೊಯ್ದ ಕಾಗಿ ರೆಕ್ಕಿ, ಕಪ್ಪಿನೊಳಗ ನೀಲಿ. ಕಣ್ಣ ರೆಪ್ಪಿ ಮ್ಯಾಲ ಒಂದು ಗೆರಿ ಅದ, ಸೂಜಿಲೆ ಎಳದಂಗ."

"ಇನ್ನೊಂದ್ ಸಲ" ಅಂದಳು.

ಹೇಳಿದೆ. ಎರಡು ದಿನವೂ ಅದನ್ನೇ ಹೇಳಿದೆ. ಗಾಜಿನ ಬಳಿ ಹೋಗುವುದು, ನೋಡುವುದು, ಬಂದು ಹೇಳುವುದು. ಆಡಿ ತಿಂಗಳಿನಿಂದ ಅವಳು ನನ್ನ ಕಣ್ಣು ತಿದ್ದಿರದಿದ್ದರೆ, ನಾನು ಆ ಕೂಸನ್ನು ನೋಡಿ ಬಂದು "ಛಲೋ ಅದ, ನಿನ್ನಂಗ ಅದ" ಎಂದಷ್ಟೇ ಹೇಳುತ್ತಿದ್ದೆ.

ಮೂರನೆಯ ದಿನ ಬೆಳಿಗ್ಗೆ ನನ್ನನ್ನು ಮನೆಗೆ ಕಳಿಸಿದರು, ಸ್ನಾನ ಮಾಡಿ ಬಾಣಂತಿಗೆ ಊಟ ತರಲು. ಸೊಪ್ಪು ಸೋಸುವಾಗ ಫೋನ್ ಬಂತು.

ಒಂದೆರಡು ತಾಸಿಗೆ ಬಸು ತಾನೇ ಬಂದ. ಚಪ್ಪಲಿ ಬಿಡದೆ ಬಾಗಿಲಲ್ಲಿ ನಿಂತ.

"ಕಯಲ್ ಕೈಯಾಗ ಕೊಟ್ಟಿದ್ರವ್ವಾ. ಭಾಳೊತ್ತು ಹಿಡಕೊಂಡಿದ್ಲು. ಬಟ್ಟಿ ತರಾಕ ಹೇಳ್ಯಾರ."

ನಾನು ಟ್ರಂಕು ತೆಗೆದು ಬಿಳಿಯ ಧೋತರ ಹುಡುಕಲು ಬಗ್ಗಿದೆ.

"ಅದಲ್ಲ. ಕೌದಿ ಕೊಡಬೇಕಂತ. ಹೊಟ್ಟಿ ತುಂಬಿಸಿ ಕೊಡಬೇಕಂತ." ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. "ಒಂದ್ ಹನಿ ಹಾಲ ಕುಡಿಲಿಲ್ಲ ಅದು. 'ಪಾಪೂನ್ನ ಹಸಗೊಂಡು ಕಳಸಬ್ಯಾಡ್ರಿ, ನನ್ ಬದ್ಲಿ ಅತ್ತೆಗ ತುಂಬಸಾಕ ಸೊಲ್ಲು' ಅಂದ್ಲು."

ಅಷ್ಟರಲ್ಲಿ ಅಕ್ಕ ಸುದ್ದಿ ತಿಳಿದು ಅಳುತ್ತ ಫೋನ್ ಮಾಡಿದಳು. ಬಸು ಹೇಳಿದ್ದನ್ನು ಹೇಳಿದೆ. ಅವಳು ಅಳು ನಿಲ್ಲಿಸಿಬಿಟ್ಟಳು.

"ತಂಗಿ, ನಿನಗ ಕೈ ಮುಗೀತೀನಿ. ಹೊಟ್ಟಿ ತುಂಬಿಸಿದ ಕೌದಿ ಮಣ್ಣಿಗೆ ಹಾಕಬಾರದು. ಅದರ ಜೋಡಿ ಸೊಸೀ ಹೊಟ್ಟಿನೂ ಮುಚ್ಚತದ ಅಂತಿದ್ಲು ನಮ್ಮವ್ವ. ಧೋತರ ಕೊಟ್ಟ ಕಳಸು. ಕೌದಿ ಬಾಯಿ ತಗದಂಗ ಇಡು, ಮುಂದಿನ ಕೂಸಿಗಾತು."

ಕೌದಿಯ ವಿಷಯದಲ್ಲಿ ಅಕ್ಕನ ಮಾತನ್ನು ನಾನು ಯಾವತ್ತೂ ಮೀರಿದವಳಲ್ಲ. ಅದೂ ಸತ್ತ ಅವ್ವನ ಮಾತು. ಕಯಲ್ ವಯಸ್ಸು ಇನ್ನೂ ಚಿಕ್ಕದು. ನನ್ನ ಕೈಯಿಂದ ಅವಳಿಗೆ ಮುಂದೆ ಏನಾದರೂ ಆದರೆ? ಫೋನ್ ಇಡದೆ ಕೌದಿ ಹಿಡಿದು ದೇವರ ಮುಂದೆ ಹೋಗಿ ನಿಂತೆ. ಬಸು ಬಾಗಿಲಲ್ಲೇ ಕಾಯುತ್ತಿದ್ದ. ಬನಶಂಕರಿಯನ್ನು ನಾವು ಪೂಜಿಸುವುದು ಯಾತಕ್ಕೆ? ಬರಗಾಲದಲ್ಲಿ ತನ್ನ ಮೈಯಿಂದಲೇ ಸೊಪ್ಪು ಕಾಯಿಪಲ್ಯ ಹುಟ್ಟಿಸಿ ಜನರ ಹೊಟ್ಟೆ ತುಂಬಿಸಿದಳು ಎಂದಲ್ಲವೇ? ಅಂಥವಳು, ಒಂದು ಕೂಸಿನ ಹೊಟ್ಟೆ ತುಂಬಿಸಿದ ತಪ್ಪಿಗೆ ಅದರ ತಾಯಿಯ ಹೊಟ್ಟೆ ಮುಚ್ಚುವಳೇ? ನನಗೆ ಹಾಗನ್ನಿಸಲಿಲ್ಲ. ಹೆದರಿಕೆ ಹೋಯಿತು ಎಂದರೆ ಸುಳ್ಳು. ಹೆದರಿಕೊಂಡೇ ಹೇಳಿದೆ.

"ಅಕ್ಕಾ, ಮುಂದ ಬಂದ್ರ ಅದಕ್ಕ ಬ್ಯಾರೆ ಹೊಲೀತೀನಿ. ಇದು ಇದರದ."

ಅಕ್ಕ ಫೋನ್ ಇಟ್ಟಳು.

ಮಣ್ಣು ಮಾಡಿ ಬರುವ ತನಕ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಹೋಳಿಗೆ ಎಲ್ಲಿಂದ ತರಲಿ? ಸುದ್ದಿ ಕೇಳಿ ಮೇಲೆ ಬಂದಿದ್ದ ಪೂಂಗೊಡಿ ಅಕ್ಕನಿಗೆ ಕೌದಿಯ ಬಾಯಿ ತೋರಿಸಿ, ನಮ್ಮ ಪದ್ಧತಿ ಹೇಳಿ, ಕೆಳಗೆ ಪೋಳಿ ಏನಾದರೂ ಇದೆಯೇ ಎಂದು ಕೇಳಿದೆ. ಆಕೆ ಕೌದಿಯನ್ನೂ ನನ್ನನ್ನೂ ನೋಡಿದರು. "ಪಲ್ಲಿಲ್ಲಾದ ಕೊಳಂದೆಕ್ಕು ಪೋಳಿಯಾ?" ಅಂದರು. ಹಲ್ಲಿಲ್ಲದ ಕೂಸಿಗೆ ಹೋಳಿಗೆಯೇ ಎಂದು. ಇಳಿದು ಹೋಗಿ ಒಂದು ಚಿಕ್ಕ ಬೆಳ್ಳಿ ಬಟ್ಟಲು ತಂದರು. ಬಿಸಿ ಅನ್ನವನ್ನು ಹಾಲಿನಲ್ಲಿ ನುಣ್ಣಗೆ ಕಿವುಚಿ, ಸ್ವಲ್ಪ ಸಕ್ಕರೆ ಹಾಕಿದ್ದರು.

ನಮ್ಮ ಮನೆಯವರು ದಾರದ ಡಬ್ಬಿ ತೆಗೆದುಕೊಂಡು ಕಿಟಕಿಗೆ ಹೋದರು. ನನ್ನ ಕಣ್ಣಿಗೆ ಸೂಜಿ ಕಾಣುತ್ತಿರಲಿಲ್ಲ.

"ಯಾವ ಬಣ್ಣ ಹಾಕಲಿ?"

ಇಷ್ಟು ವರ್ಷದ ಸಂಸಾರದಲ್ಲಿ ಅವರು ಅಂಥ ಪ್ರಶ್ನೆ ಕೇಳಿದ್ದು ಅದೇ ಮೊದಲು. "ನೀವ ನೋಡ್ರಿ" ಎಂದೆ. ಒಂದೊಂದೇ ಎಳೆಯನ್ನು ಬಟ್ಟೆಗೆ ಹಿಡಿದು ನೋಡಿ, ಕೊನೆಗೆ ಹುಣಸೆ ಚಿಗುರಿನ ಬಣ್ಣದ್ದನ್ನು ಪೋಣಿಸಿ ಕೊಟ್ಟರು. ನಡುವಿನ ಬಾಯಿಗೆ ಒಂದು ತುತ್ತು ಹಾಲನ್ನ ಇಟ್ಟೆ. "ಹೊಟ್ಟಿ ತುಂಬಿತು ನಮ್ಮವ್ವಾ" ಎಂದು ಹೇಳಬೇಕು. ನನ್ನ ಬಾಯಿಂದ ಹೊರಡಲಿಲ್ಲ. ನಮ್ಮ ಮನೆಯವರು ಹೇಳಿದರು. ಮುಚ್ಚಿ ಗಂಟು ಹಾಕಿದೆ.

ಬಸು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಅನ್ನದ ಬಿಸಿ ಇನ್ನೂ ಆರಿರಲಿಲ್ಲ. "ಬೆಚ್ಚಗ ಅದವ್ವಾ" ಎಂದು, ಅಷ್ಟು ಹೊತ್ತು ಅಳದವನು ಮೆಟ್ಟಿಲ ಮೇಲೆ ಕೂತು ಅತ್ತ. ಆಮೇಲೆ ಅಪ್ಪ ಮಗ ಇಬ್ಬರೂ ಹೋದರು.

ಅವರು ತಿರುಗಿ ಬಂದು ಸ್ನಾನ ಮಾಡುವ ಹೊತ್ತಿಗೆ ಸಂಜೆಯ ಮಳೆ ಹಿಡಿದಿತ್ತು. ಬಸು ಮತ್ತೆ ಆಸ್ಪತ್ರೆಗೆ ಹೊರಟ. ಕಯಲ್ ಏನು ಕೇಳುತ್ತಾಳೆಂದು ಗೊತ್ತಿತ್ತು. ಹಾಲನ್ನ ಎಂದು ಹೇಳು, ಪೂಂಗೊಡಿ ಅಕ್ಕ ಕಿವುಚಿದ್ದು ಎಂದು ಹೇಳು, ದಾರ ನಿಮ್ಮಪ್ಪ ಆರಿಸಿದ್ದು ಎಂದು ಹೇಳು ಎಂದೆ. ಅವನು ಹೋದ ಮೇಲೆ ಗೋಡೆಗೆ ಒರಗಿ ಕೂತುಬಿಟ್ಟೆ. ಏಳಬೇಕೆಂದು ಅನ್ನಿಸಲೇ ಇಲ್ಲ. ಯಾರಿಗಾಗಿ ಏನು ಮಾಡಬೇಕು ಎಂಬುದೂ ತಿಳಿಯಲಿಲ್ಲ.

ಫೋನ್ ಬಾರಿಸಿತು. ಅಕ್ಕ. ಎತ್ತಿದೆ. ಬೈಯುತ್ತಾಳೆ ಎಂದುಕೊಂಡೆ.

"ಅಂಟು ತಂದಿಟ್ಟೀಯೇನ?" ಅಂದಳು.

"ಯಾಕ?"

"ಯಾಕಂದ್ರ? ಅಂಟಿನ ಉಂಡಿ ಕಟ್ಟಾಕ. ಹಡದ ಮೈ ಅದು, ಕೊಯ್ದ ಹೊಟ್ಟಿ. ಕೂಸಿಲ್ಲಂತ ಸೊಂಟದ ನೋವು ಬಿಡ್ತದೇನ? ಬಾಣಂತಿಗೆ ಏನೇನ ಮಾಡ್ತಾರೋ ಎಲ್ಲಾ ಮಾಡು. ಒಂದೂ ಬಿಡಬ್ಯಾಡ."

"ಅಂಟು ಅದ" ಎಂದೆ. "ಉತ್ತತ್ತಿ ಅದ. ಕೊಬ್ಬರಿ ತುರದಿಲ್ಲ."

"ಮತ್ತ ಕುಂತೀಯಾಕ?"

ಎದ್ದು ಮುಖ ತೊಳೆದು ದೀಪ ಹಚ್ಚಿದೆ. ಡಬ್ಬಿಯಿಂದ ಕೊಬ್ಬರಿ ಬಟ್ಟಲು ತೆಗೆದು ಒದ್ದೆ ಬಟ್ಟೆಯಲ್ಲಿ ಒರೆಸಿ, ತುರಿಮಣೆ ಎಳೆದುಕೊಂಡು ಕೂತೆ.